ಸಿದ್ದಿ ಊರಿನಲ್ಲಿ ಅತಿಥಿಗಳನ್ನು ಉಳಿಸಿಕೊಂಡ ಬಗೆ: ನನ್ನ ಅನುಭವ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲ್ಲೂಕಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದಲ್ಲಿರುವ ನನಗೆ ಪ್ರವಾಸೋದ್ಯಮದ ಬಗ್ಗೆ ಯಾವ ತರಬೇತಿಯೂ ಇರಲಿಲ್ಲ. ಕಾಡಂಚಿನ ಒಂದು ಸಿದ್ದಿ ಊರಿನ ಸಂಘದ ಹೆಂಗಸರು, ದಾಂಡೇಲಿಯ ಕಡೆ ಬರುವ ಜನರನ್ನು ತಮ್ಮ ಮನೆಗಳಲ್ಲಿ ಉಳಿಸಿಕೊಂಡು ಊಟ ಹಾಕಿದರೆ ನಾಲ್ಕು ಕಾಸು ಸಿಗಬಹುದೇ ಎಂದು ವಾರದ ಸಭೆಯಲ್ಲಿ ಕೇಳಿದ್ದೇ ಈ ಕೆಲಸಕ್ಕೆ ಕಾರಣ. ಊರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಸಂಘದವರು ಹಾಕಿದ ಷರತ್ತು. ಬರುವವರು ಸಂಘದ ಮೂಲಕ, ಮೊದಲೇ ತಿಳಿಸಿ ಬರಬೇಕೇ ಹೊರತು, ಎಲ್ಲೋ ಓದಿಕೊಂಡು ಕಾರು ತಿರುಗಿಸಿ ಅಂಗಳಕ್ಕೆ ಬಂದು ನಿಲ್ಲಬಾರದು ಎಂಬುದು ಅವರ ಅಭಿಪ್ರಾಯ.

ಸಿದ್ದಿಗಳು ಆಫ್ರಿಕಾ ಮೂಲದವರು. ಶತಮಾನಗಳ ಹಿಂದೆ ಪೋರ್ಚುಗೀಸರೂ ಅರಬ್ ವರ್ತಕರೂ ಗುಲಾಮರನ್ನಾಗಿ ಹಡಗಿನಲ್ಲಿ ತಂದವರ ಪೈಕಿ ಅನೇಕರು ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದರು. ಅವರ ಸಂತತಿ ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಜೊಯಿಡಾ, ಶಿರಸಿ ತಾಲ್ಲೂಕುಗಳಲ್ಲಿ ನೆಲೆಸಿದೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ; ಆದರೆ ಹಿರಿಯರಿಗೆ ಎಡೆ ಇಡುವ ವಾಡಿಕೆ ಈ ಮೂರೂ ಮತದವರಲ್ಲಿ ಉಳಿದುಬಂದಿದೆ. ಅಡಿಕೆ ತೋಟದ ಕೂಲಿ, ಗದ್ದೆ ಕೆಲಸ, ಜೇನು, ಉಪ್ಪಾಗೆ, ಮುರುಗಲಿನಂಥ ಕಾಡಿನ ಹುಳಿಹಣ್ಣುಗಳು ಇವು ಜೀವನಾಧಾರ. ಇಷ್ಟನ್ನು ಹೇಳಲು ಕಾರಣವಿದೆ. ಬೇರೆ ಹಳ್ಳಿಗಳಿಗೆ ಹೋಗುವ ಪ್ರವಾಸಿಗರು ಗದ್ದೆ, ಹೊಳೆ, ಜಲಪಾತ ನೋಡಲು ಹೋಗುತ್ತಾರೆ. ಸಿದ್ದಿ ಊರಿಗೆ ಬರುವವರಲ್ಲಿ ಹಲವರು ಜನರನ್ನೇ ನೋಡಲು ಬರುತ್ತಾರೆ. ಮುಖ, ಕೂದಲು, ಮೈಬಣ್ಣವೇ ನೋಟದ ವಸ್ತುವಾಗುವ ಕಡೆ ‘ಜವಾಬ್ದಾರಿಯುತ ಪ್ರವಾಸ’ ಎಂಬ ಮಾತನ್ನು ಹಗುರವಾಗಿ ಬಳಸಲಾಗದು.

ಊರಿನ ಕೆಲವು ಯುವಕರಿಗೆ ಪ್ರವಾಸೋದ್ಯಮದ ಪರಿಚಯ ಆಗಲೇ ಇತ್ತು. ನದಿ ದಂಡೆಯ ರೆಸಾರ್ಟೊಂದಕ್ಕೆ ಡಮಾಮಿ ಕುಣಿತಕ್ಕೆಂದು ಅವರನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದರು. ಅಲ್ಲಿ ಅವರಿಗೆ ಸೊಪ್ಪಿನ ಉಡುಗೆ ಕಟ್ಟಿ, ಮುಖಕ್ಕೆ ಬಿಳಿ ಬಣ್ಣ ಹಚ್ಚಿ, ಬೆಂಕಿಯ ಸುತ್ತ ಕುಣಿಸಿ, ಮಧ್ಯವರ್ತಿಯ ಕೈಯಿಂದ ಸಿಕ್ಕಷ್ಟು ಹಣ ಕೊಟ್ಟು ಕಳುಹಿಸುತ್ತಿದ್ದರು. ಊರಿನ ಹಬ್ಬದಲ್ಲಿ ಯಾರೂ ಹಾಗೆ ಸೊಪ್ಪು ಕಟ್ಟಿಕೊಂಡು ಕುಣಿಯುವುದಿಲ್ಲ. ಡಮಾಮ ಎಂಬ ಚರ್ಮವಾದ್ಯ ಬಾರಿಸುತ್ತಿದ್ದ ಹಿರಿಯರೊಬ್ಬರು ಸಭೆಯಲ್ಲಿ ಎದ್ದು, ‘ದುಡ್ಡು ಬರ್ತದೆ, ಆದ್ರೆ ಮನೆಗೆ ಬಂದು ಮಕ್ಕಳ ಮುಂದೆ ಮುಖ ತೊಳೀಬೇಕಲ್ಲ’ ಎಂದರು. ಆ ಮಾತಿನ ನಂತರ ಚರ್ಚೆಯ ದಿಕ್ಕು ಬದಲಾಯಿತು. ಏನನ್ನು ತೋರಿಸಬಹುದು ಎಂಬ ಪಟ್ಟಿಯನ್ನು ಬದಿಗಿಟ್ಟು, ಯಾವುದನ್ನು ಎಷ್ಟು ಹಣ ಕೊಟ್ಟರೂ ತೋರಿಸುವುದಿಲ್ಲ ಎಂಬುದನ್ನು ಮೊದಲು ಬರೆದುಕೊಂಡೆವು. ಹಿರಿಯರ ಪೂಜೆ, ಸಾವಿನ ಮನೆ, ಕಾಡಿನೊಳಗಿನ ದೇವರ ಜಾಗ, ಶಾಲೆ, ಮಕ್ಕಳ ಸ್ನಾನ, ಬಾಣಂತಿ ಇರುವ ಮನೆ, ಇವು ಆ ಪಟ್ಟಿಯಲ್ಲಿ ಸೇರಿದವು. ಇಂಥ ಕೆಲಸಕ್ಕೆ ಕೈಹಾಕುವವರು ನನ್ನನ್ನು ಸಲಹೆ ಕೇಳಿದರೆ, ಬೇಡದ್ದರ ಪಟ್ಟಿ ಮುಗಿಯುವವರೆಗೆ ಒಬ್ಬ ಅತಿಥಿಯನ್ನೂ ಕರೆಯಬೇಡಿ ಎಂದೇ ಹೇಳುತ್ತೇನೆ. ಹಣ ಬರಲು ಶುರುವಾದ ಮೇಲೆ ಬೇಡ ಎನ್ನುವುದು ಬಹಳ ಕಷ್ಟ.

ಎರಡನೆಯ ತೊಡಕು ದಾಖಲೆಗಳದ್ದು, ಮತ್ತು ನನ್ನ ಅನುಭವದಲ್ಲಿ ಅತ್ಯಂತ ಹೆಚ್ಚು ಸಮಯ ತಿಂದದ್ದು ಇದೇ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಆ ಸ್ಥಾನ ಸಿಕ್ಕಿದ್ದು 2020ರಲ್ಲಿ. ಇದು ಬರೀ ಮೀಸಲಾತಿಯ ವಿಷಯವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅರಣ್ಯ ಭೂಮಿಯಲ್ಲಿ ವಾಸವಿದ್ದು ಸಾಗುವಳಿ ಮಾಡುತ್ತಿದ್ದರೆ ಸಾಕು, ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಹೀಗೆ ಪಡೆದ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರುತ್ತದೆ, ಮಕ್ಕಳಿಗೆ ಬರುತ್ತದೆ, ಆದರೆ ಪರಭಾರೆ ಮಾಡುವಂತಿಲ್ಲ. ಹಾಗಾಗಿ ಅದನ್ನು ಅಡವಿಟ್ಟು ಕೋಣೆ ಕಟ್ಟಿಸುವ ಮಾತೇ ಇರಲಿಲ್ಲ. ಅದು ಒಳ್ಳೆಯದೇ ಆಯಿತು ಎಂದು ಈಗ ಅನ್ನಿಸುತ್ತದೆ, ಏಕೆಂದರೆ ಸಾಲ ತೀರಿಸುವ ಗಡಿಬಿಡಿ ಇರುವವರು ಅತಿಥಿಯನ್ನು ಆಯ್ಕೆ ಮಾಡುವ ಸ್ಥಿತಿಯಲ್ಲಿರುವುದಿಲ್ಲ.

ಆದರೆ ಹೋಂಸ್ಟೇ ನೋಂದಣಿಗೆ ಮನೆಯ ದಾಖಲೆ ಬೇಕು. ಊರಿನಲ್ಲಿ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಸರಿಯಾಗಿದ್ದದ್ದು ಕೆಲವೇ ಮನೆಗಳಿಗೆ. ಅತಿಥಿಗಳು ಆ ಮನೆಗಳಲ್ಲಿ ಮಾತ್ರ ಮಲಗಬಹುದಾದರೆ ಹಣವೆಲ್ಲ ಅಲ್ಲಿಗೇ ಹೋಗುತ್ತದೆ, ಉಳಿದವರು ಬೇಲಿಯಾಚೆ ನಿಂತು ನೋಡುತ್ತಾರೆ. ಆ ಕೆಲವು ಮನೆಗಳು ಆಗಲೇ ಊರಿನ ಉಳಿದವರಿಗಿಂತ ತುಸು ಸ್ಥಿತಿವಂತರವು ಎಂಬುದನ್ನೂ ಮರೆಯುವಂತಿರಲಿಲ್ಲ. ಹೊರಗಿನವರು ‘ಸಮುದಾಯ’ ಎಂದು ಒಂದೇ ಶಬ್ದದಲ್ಲಿ ಹೇಳಿಬಿಡುತ್ತಾರೆ. ಊರಿನೊಳಗೆ ಮಾತ್ರ ದಾಖಲೆ ಇದ್ದವರು, ಇಲ್ಲದವರು, ರಸ್ತೆ ಪಕ್ಕದವರು, ಹೊಳೆಯಾಚೆಯವರು ಎಂಬ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ.

ಇದಕ್ಕೆ ಸಂಘ ಕಂಡುಕೊಂಡ ದಾರಿ ಎಂದರೆ ಮಲಗುವ ಜಾಗವನ್ನೂ ಉಳಿದ ಕೆಲಸಗಳನ್ನೂ ಬೇರೆ ಮಾಡಿದ್ದು. ನೋಂದಾಯಿತ ಮನೆಯವರು ಕೋಣೆ, ಹಾಸಿಗೆ, ಬಚ್ಚಲು ಮಾತ್ರ ಕೊಡುತ್ತಾರೆ. ಅಡುಗೆಯ ಸರದಿ, ದಾಖಲೆ ಇಲ್ಲದ ಮನೆಗಳ ಹೆಂಗಸರದ್ದು. ಕಾಡಂಚಿನ ನಡಿಗೆಗೆ ಕರೆದೊಯ್ಯುವವರು ಹೊಳೆಯಾಚೆಯವರು. ಅತಿಥಿ ಕೊಟ್ಟ ಹಣವನ್ನು ಹತ್ತು ಪಾಲು ಮಾಡಿ, ಮೂರು ಪಾಲು ಮನೆಯವರಿಗೆ, ದಿನಸಿ ಸೇರಿ ನಾಲ್ಕು ಪಾಲು ಅಡುಗೆಯವರಿಗೆ, ಎರಡು ಪಾಲು ಜೊತೆಗೆ ಹೋಗುವವರಿಗೆ, ಒಂದು ಪಾಲು ಊರಿನ ನಿಧಿಗೆ ಎಂದು ಹಂಚುತ್ತಾರೆ. ಅತಿಥಿಯ ಕೈಯಿಂದ ಯಾರೂ ನೇರವಾಗಿ ಹಣ ಪಡೆಯುವುದಿಲ್ಲ. ಎಲ್ಲವೂ ಸಂಘದ ಬ್ಯಾಂಕ್ ಖಾತೆಗೆ. ತಿಂಗಳಿಗೊಮ್ಮೆ ರೋಕಡ ಪುಸ್ತಕವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಲಾಗುತ್ತದೆ. ಓದಲು ಬಾರದ ಅಜ್ಜಿಯಂದಿರೇ ಅಲ್ಲಿ ಅತ್ಯಂತ ಕಟ್ಟುನಿಟ್ಟಿನ ಲೆಕ್ಕ ಪರಿಶೋಧಕರು: ಇಂಥ ದಿನ ಎಷ್ಟು ಎಲೆ ಹಾಕಿದ್ದೆವು, ಎಷ್ಟು ತೆಂಗಿನಕಾಯಿ ಒಡೆದೆವು ಎಂಬುದು ಅವರಿಗೆ ಬಾಯಿಪಾಠ, ಪುಸ್ತಕದಲ್ಲಿ ಒಂದು ಊಟ ಕಡಿಮೆ ಬಂದರೂ ಓದು ಅಲ್ಲಿಗೇ ನಿಲ್ಲುತ್ತದೆ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಊರಿನಲ್ಲಿ ನೆಟ್‌ವರ್ಕ್ ಇಲ್ಲದ್ದರಿಂದ ಪದವಿ ಓದಿದ ಹುಡುಗಿಯೊಬ್ಬಳು ಪಾಸ್‌ಪೋರ್ಟ್ ವಿವರ ಹಿಡಿದು ಗುಡ್ಡ ಹತ್ತುತ್ತಾಳೆ.

ಶೌಚಾಲಯ, ನೀರು, ಹಾಸಿಗೆಯ ವಿಷಯ ಎಲ್ಲ ಕಡೆ ಇದ್ದಂತೆಯೇ, ಅದನ್ನು ಬೆಳೆಸುವುದಿಲ್ಲ. ಊಟದ ಬಗ್ಗೆ ಮಾತ್ರ ಒಂದು ಮಾತು. ಮೊದಮೊದಲು ಹೆಂಗಸರು ಅತಿಥಿಗಳಿಗೆಂದು ಪೇಟೆಯಿಂದ ಮೈದಾ, ಪನೀರ್ ತರಿಸಲು ಹೊರಟಿದ್ದರು. ಮನೆಯ ಅನ್ನ, ಹೊಳೆಮೀನಿನ ಸಾರು, ಕೆಸುವಿನ ಸೊಪ್ಪು, ಮುರುಗಲ ಹಣ್ಣಿನ ಪಾನಕ ಸಾಕು ಎಂದು ಒಪ್ಪಿಸಲು ನಾನೂ ಸ್ವಲ್ಪ ಜಗಳವಾಡಬೇಕಾಯಿತು. ಚಗಳಿ ಇರುವೆಯ ಚಟ್ನಿಯನ್ನು ಕೇಳಿದವರಿಗೆ ಮಾತ್ರ ಬಡಿಸುತ್ತಾರೆ. ಅದನ್ನು ನಾಲಿಗೆಗೆ ಮುಟ್ಟಿಸಿ ವಿಡಿಯೋ ಮಾಡಿಕೊಂಡು ಉಗುಳುವವರನ್ನು ಒಮ್ಮೆ ಕಂಡ ಮೇಲೆ ಬಂದ ನಿಯಮ ಅದು. ಕಾಡುಹಂದಿ ಮಾಂಸ ಸಿಗುತ್ತದೆಯೇ ಎಂದು ಪಿಸುಮಾತಿನಲ್ಲಿ ಕೇಳುವ ಅತಿಥಿಗಳೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಂಥ ಒಂದು ಊಟಕ್ಕೆ ಮೊದಲು ಸಿಕ್ಕಿಬೀಳುವವನು ಬಡಿಸಿದವನು. ಕಾಳಿ ಹುಲಿ ಸಂರಕ್ಷಿತ ಪ್ರದೇಶ ದೂರವಿಲ್ಲದ ಸೀಮೆಯಲ್ಲಿ ಅರಣ್ಯ ಇಲಾಖೆಯ ಅನುಮಾನದ ಕಣ್ಣು ಮೊದಲು ಬೀಳುವುದು ಸಿದ್ದಿಗಳ ಮೇಲೆಯೇ. ಆದ್ದರಿಂದ ಕಾದಿರಿಸುವಾಗ ಕಳುಹಿಸುವ ಪತ್ರದಲ್ಲಿಯೇ ಇದನ್ನು ಬರೆದಿರುತ್ತೇವೆ.

ಆ ಪತ್ರ ಒಂದು ಪುಟದ್ದು. ಅತಿಥಿ ಬಂದ ಮೇಲೆ ಅಂಗಳದಲ್ಲಿ ಕೂರಿಸಿ, ಚಹಾ ಕೊಟ್ಟು, ಸಂಘದ ಒಬ್ಬರು ಅದನ್ನು ಮತ್ತೊಮ್ಮೆ ಹೇಳುತ್ತಾರೆ. ಕೇಳದೆ ಫೋಟೋ ತೆಗೆಯಬಾರದು; ಮಕ್ಕಳ ಫೋಟೋ ಕೇಳಿಯೂ ತೆಗೆಯಬಾರದು. ಮಕ್ಕಳಿಗೆ ಚಾಕೊಲೇಟ್, ಪೆನ್ನು, ಹಣ ಹಂಚಬಾರದು. ಕೊಡುವ ಮನಸ್ಸಿದ್ದರೆ ಊರಿನ ನಿಧಿಗೆ ರಸೀದಿ ಪಡೆದು ಕೊಡಬಹುದು. ಯಾರ ತಲೆಕೂದಲನ್ನೂ ಮುಟ್ಟಬಾರದು. ಈ ಕೊನೆಯ ವಾಕ್ಯ ಓದಿ ಹಲವರಿಗೆ ನಗು ಬರುತ್ತದೆ, ಆದರೆ ಬಸ್ಸಿನಲ್ಲಿ, ಸಂತೆಯಲ್ಲಿ ಅಪರಿಚಿತರು ಕೈಚಾಚಿ ಮುಟ್ಟಿ ನೋಡುವುದನ್ನು ಎಳೆಯ ವಯಸ್ಸಿನಿಂದ ಸಹಿಸಿಕೊಂಡು ಬಂದವರಿಗೆ ಅದು ನಗುವ ವಿಷಯವಲ್ಲ. ‘ನೀವು ಎಲ್ಲಿಯವರು?’ ಎಂಬ ಪ್ರಶ್ನೆಗೆ ‘ಯಲ್ಲಾಪುರದವರು’ ಎಂದರೆ ‘ಅಲ್ಲ, ನಿಜವಾಗಿ ಎಲ್ಲಿಯವರು?’ ಎಂದು ಮತ್ತೆ ಕೇಳುವವರಿದ್ದಾರೆ. ಓಟದಲ್ಲಿ ನೀವೆಲ್ಲ ಮುಂದೆಯಂತೆ ಎಂಬುದು ಇನ್ನೊಂದು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆಯ್ದು ತರಬೇತಿ ಕೊಟ್ಟದ್ದೂ, ಕೆಲವು ವರ್ಷಗಳ ನಂತರ ಆ ಯೋಜನೆ ನಿಂತುಹೋದದ್ದೂ ನಿಜ. ಅದರ ಕಥೆ ಹೇಳಲು ಊರಿನ ಹಿರಿಯರು ಸಿದ್ಧರಿದ್ದಾರೆ, ಓಡಿ ತೋರಿಸಲು ಯಾರೂ ಸಿದ್ಧರಿಲ್ಲ. ಇಂಥ ಪ್ರಶ್ನೆಗಳಿಗಾಗಿಯೇ ಸಂಜೆ ಅಂಗಳದ ಮಾತುಕತೆಯನ್ನು ಕಾರ್ಯಕ್ರಮದಲ್ಲಿ ಸೇರಿಸಿದೆವು. ಅಲ್ಲಿ ಊರಿನವರೂ ಅತಿಥಿಗಳನ್ನು ಕೇಳುತ್ತಾರೆ: ನಿಮಗೆ ಸಂಬಳ ಎಷ್ಟು, ತಂದೆ ತಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ, ಮದುವೆ ಯಾಕೆ ಆಗಿಲ್ಲ? ಕೆಲವರಿಗೆ ಮುಜುಗರವಾಗುತ್ತದೆ. ಆಗಲಿ ಎನ್ನುತ್ತೇನೆ ನಾನು.

ಅತಿಥಿಗಳು ಬಹಳ ಹೊತ್ತು ಕೂರುವುದು ಕವಂದಿ ಹೊಲಿಯುವಲ್ಲಿ. ಕವಂದಿ ಎಂದರೆ ಹಳೆಯ ಬಟ್ಟೆಗಳಿಂದ ಸಿದ್ದಿ ಹೆಂಗಸರು ಹೊಲಿಯುವ ಕೌದಿ. ಕೆಳಗೆ ಹಳೆಯ ಸೀರೆಯನ್ನು ಹಾಸಿ, ಅಂಚಿನಿಂದ ತುಂಡು ಬಟ್ಟೆಗಳನ್ನು ಕೂಡಿಸುತ್ತ, ದಾರದ ಸಾಲು ಸಾಲು ಹೊಲಿಗೆಯಲ್ಲಿ ಸುತ್ತುತ್ತ ನಡುವಿನ ಕಡೆಗೆ ಬರುತ್ತಾರೆ. ಬರೆದುಕೊಂಡ ವಿನ್ಯಾಸ ಯಾವುದೂ ಇಲ್ಲ. ಮಗನ ಶಾಲೆಯ ಅಂಗಿ, ಹರಿದ ಲುಂಗಿ, ಯಾರದೋ ಮದುವೆಯ ರವಿಕೆ ಪಕ್ಕ ಪಕ್ಕ ಕೂರುತ್ತವೆ. ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಮಾಡಿದ ‘ಫೂಲ’ಗಳನ್ನು ಮೂಲೆಗಳಿಗೆ ಇಡದೆ ಕವಂದಿ ಮುಗಿಯಿತು ಎನ್ನುವುದಿಲ್ಲ. ನಾನು ನೋಡಿದ ಒಬ್ಬ ಅಜ್ಜಿ, ಕಾಲು ಚಾಚಿ ಕವಂದಿಯನ್ನು ಮೊಣಕಾಲಿನ ಮೇಲೆ ಬಿಗಿಯಾಗಿ ಎಳೆದುಕೊಂಡು, ಎಡಗೈ ಹೆಬ್ಬೆರಳಿನಿಂದ ಮುಂದಿನ ತುಂಡಿನ ಅಂಚನ್ನು ಒಳಮಡಚಿ ಒತ್ತಿ ಹಿಡಿದು ಹೊಲಿಯುತ್ತಿದ್ದರು. ಪಕ್ಕದಲ್ಲಿ ಕುಳಿತ ಬೆಂಗಳೂರಿನ ಇಂಜಿನಿಯರ್ ಹುಡುಗಿ ಹಾಕಿದ ಹೊಲಿಗೆ ಓರೆಯಾದಾಗ ಏನೂ ಹೇಳದೆ ಬಿಚ್ಚಿ, ದಾರವನ್ನು ಮತ್ತೆ ಅವಳ ಕೈಗೇ ಕೊಟ್ಟರು. ಕಲಿಸುವುದಕ್ಕೆ ಪ್ರತ್ಯೇಕ ಶುಲ್ಕವಿದೆ, ಆ ಹಣವೆಲ್ಲ ಕಲಿಸಿದವರಿಗೆ. ಮಾರಾಟದ ಕವಂದಿಗೆ ಹೊಲಿದವರ ಹೆಸರಿನ ಚೀಟಿ ಮತ್ತು ನಿಗದಿತ ಬೆಲೆ, ಚೌಕಾಸಿ ಇಲ್ಲ. ಮನೆಯಲ್ಲಿ ಹೊದ್ದ ಹಳೆಯ ಕವಂದಿಗೆ ಹೆಚ್ಚು ಬೆಲೆ ಕೊಡುತ್ತೇನೆಂದವರು ಬಂದದ್ದುಂಟು. ಹಾಗೆ ಮಾರುವುದನ್ನು ಸಂಘ ನಿಷೇಧಿಸಿಲ್ಲ, ಮನೆಯವರಿಗೆ ಬಿಟ್ಟಿದೆ. ಇದುವರೆಗೆ ಯಾರೂ ಮಾರಿದ್ದನ್ನು ನಾನು ಕಂಡಿಲ್ಲ.

ಡಮಾಮಿಯನ್ನು ಪೂರ್ತಿ ಬಿಡಬೇಕೆಂದು ಯಾರೂ ಹೇಳಲಿಲ್ಲ. ಕುಣಿಯುವವರಿಗೆ ಅದು ಖುಷಿ, ಹುಡುಗರಿಗೆ ಆದಾಯ. ಈಗ ಕುಣಿತ ಊರಿನ ಬಯಲಿನಲ್ಲಿ, ಅವರವರ ಬಟ್ಟೆಯಲ್ಲಿ, ಕುಣಿಯುವ ಮನಸ್ಸಿರುವ ಸಂಜೆ ಮಾತ್ರ. ಕಾರ್ಯಕ್ರಮದ ಪಟ್ಟಿಯಲ್ಲಿ ಅದನ್ನು ಸೇರಿಸಿಲ್ಲ. ಹಣ ಕೊಟ್ಟವರಿಗೆ ಕುಣಿತ ಸಿಗಲಿಲ್ಲ ಎಂಬ ದೂರು ಆಗಾಗ ಬರುತ್ತದೆ, ಸಂಘ ಅದಕ್ಕೆ ಹಣ ಹಿಂದಿರುಗಿಸುವುದಿಲ್ಲ, ಏಕೆಂದರೆ ಅದಕ್ಕೆ ಹಣ ಪಡೆದೇ ಇರುವುದಿಲ್ಲ. ರೆಸಾರ್ಟಿನವರು ಈಗಲೂ ಕರೆಯುತ್ತಾರೆ. ಹೋಗುವ ತಂಡ ಗೌರವಧನ, ವಾಹನ, ಊಟವನ್ನು ಮೊದಲೇ ಬರೆಸಿಕೊಂಡು, ಸೊಪ್ಪಿನ ಉಡುಗೆ ಇಲ್ಲ ಎಂಬುದನ್ನೂ ಬರೆಸಿಕೊಂಡು ಹೋಗುತ್ತದೆ. ಕೆಲವರು ಕರೆಯುವುದನ್ನು ನಿಲ್ಲಿಸಿದರು, ಕೆಲವರು ಒಪ್ಪಿದರು.

ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ಅತಿಥಿಗಳನ್ನು ಕರೆಯುವುದಿಲ್ಲ. ಗದ್ದೆ ನಾಟಿಯ ಹೊತ್ತಿನಲ್ಲಿ ಅಡುಗೆ ಸರದಿಗೆ ಕೈ ಸಿಗುವುದಿಲ್ಲ, ರಕ್ತ ಹೀರುವ ಉಂಬಳಗಳ ಕಾಟಕ್ಕೆ ಪೇಟೆಯ ಜನ ಅರ್ಧ ದಾರಿಯಲ್ಲೇ ಕೂಗಾಡುತ್ತಾರೆ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ನಮ್ಮ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಜನ ಸತ್ತದ್ದನ್ನು ಕಂಡವರು ನಾವು. ಉಣುಗಿನಿಂದ ಹರಡುವ ಈ ಜ್ವರದ ಬಗ್ಗೆ ಆರೋಗ್ಯ ಇಲಾಖೆಯ ಎಚ್ಚರಿಕೆ ಬಂದರೆ ಕಾಡಂಚಿನ ನಡಿಗೆ ರದ್ದು; ಇಲ್ಲವಾದರೆ ಮೈತುಂಬ ಬಟ್ಟೆ, ಉಣುಗನ್ನು ದೂರವಿಡುವ ಡೆಪಾ ಎಣ್ಣೆ, ಹಿಂದಿರುಗಿದ ಕೂಡಲೇ ಬಿಸಿನೀರಿನ ಸ್ನಾನ. ಒಮ್ಮೆಗೆ ಎಂಟು ಜನರಿಗಿಂತ ಹೆಚ್ಚು ಅತಿಥಿಗಳಿಲ್ಲ. ಬೇಸಿಗೆಯಲ್ಲಿ ಬಾವಿ ಕೆಳಗಿಳಿದರೆ ಆ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುತ್ತಾರೆ, ಯಾವಾಗ ಇಳಿಸಬೇಕೆಂಬುದನ್ನು ನೀರು ಸೇದುವ ಹೆಂಗಸರೇ ತೀರ್ಮಾನಿಸುತ್ತಾರೆ. ಅತಿಥಿ ತಂದ ಪ್ಲಾಸ್ಟಿಕ್ ಅತಿಥಿಯ ಚೀಲದಲ್ಲೇ ವಾಪಸು ಹೋಗಬೇಕು.

ಪ್ರವಾಸಿ ಕಂಪನಿಯೊಂದು ವಾರಕ್ಕೊಂದು ಬಸ್ಸು ತುಂಬ ಜನರನ್ನು ಕಳುಹಿಸುತ್ತೇವೆ, ಮುಂಗಡವನ್ನೂ ಕೊಡುತ್ತೇವೆ ಎಂದಾಗ ಯುವಕರಲ್ಲಿ ಕೆಲವರು ಒಪ್ಪೋಣ ಎಂದರು. ಅವರ ವಾದ ಹುರುಳಿಲ್ಲದ್ದಲ್ಲ: ಈಗಿನ ಆದಾಯದಿಂದ ಯಾವ ಕುಟುಂಬವೂ ತೋಟದ ಕೂಲಿಯನ್ನು ಬಿಡುವಂತಿಲ್ಲ, ಹುಡುಗರು ಗೋವೆಗೂ ಹುಬ್ಬಳ್ಳಿಗೂ ಕೆಲಸ ಹುಡುಕಿ ಹೋಗುವುದು ನಿಂತಿಲ್ಲ. ಹೆಂಗಸರು ಒಪ್ಪಲಿಲ್ಲ. ಬಸ್ಸು ಬರುವ ದಿನ ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಸೂತಕ ಎಂದು ಮುಂಗಡ ಕೊಟ್ಟವರು ಕೇಳುತ್ತಾರೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. ಬಸ್ಸಿಗೆ ಬದಲಾಗಿ ಶಾಲಾ ಕಾಲೇಜುಗಳ ಸಣ್ಣ ತಂಡಗಳು ಹಗಲು ಬಂದು ಊಟ ಮಾಡಿ, ಕವಂದಿ ಹೊಲಿಗೆ ನೋಡಿ ಸಂಜೆಗೆ ಹೊರಡಬಹುದು ಎಂದು ಸದ್ಯಕ್ಕೆ ಒಪ್ಪಿಕೊಂಡಿದ್ದಾರೆ. ರಾತ್ರಿ ವಾಸ್ತವ್ಯ ಇಲ್ಲದ್ದರಿಂದ ಅದಕ್ಕೆ ನೋಂದಾಯಿತ ಮನೆ ಬೇಕಿಲ್ಲ, ಹಾಗಾಗಿ ಈ ಬಾಬ್ತಿನ ಹಣ ಹೊಳೆಯಾಚೆಯ ಮನೆಗಳಿಗೆ ಹೋಗಲಿ ಎಂದು ಠರಾವು ಬರೆದಿದ್ದಾರೆ. ಈ ಸಲ ದೀಪಾವಳಿ ಕಳೆದು ಮತ್ತೆ ತೆರೆಯುವಾಗ ಒಂದು ಮನೆ ಸರದಿಯಿಂದ ಹೊರಗಿರುತ್ತದೆ, ಮಗಳ ಪಿಯುಸಿ ಓದಿಗೆ ತೊಂದರೆಯಾಗುತ್ತದೆಂದು ಅವರೇ ಕೇಳಿಕೊಂಡಿದ್ದಾರೆ. ಆ ಕೋಣೆ ಮಾರ್ಚ್ ಮುಗಿಯುವವರೆಗೆ ಅವಳದ್ದು.