ಖಾಲಿ ಥಿಂಬಲ್‌ನಲ್ಲಿ ಬಂದ ಬ್ರೋಮಿನ್

2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತಲ್ಲ, ಅದಾಗಿ ಕೆಲವು ತಿಂಗಳಿಗೆ ನಾನು ಅಲ್ಲಿ ಹೂಳು ತೆಗೆಯಲು ಹೋದೆ. ಕೈಯಲ್ಲಿ ಸ್ಟೀಲ್ ಸೌಟು, ಗಾಜಿನ ಜಾಡಿ, ಅಲ್ಯೂಮಿನಿಯಂ ಫಾಯಿಲ್. ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ತಾತ, "ಏನಪ್ಪಾ, ಈ ಗಲೀಜು ತಗೊಂಡೋಗಿ ಏನ್ ಮಾಡ್ತೀಯಾ?" ಅಂದರು.

"ಬೆಂಕಿ ಹತ್ತದಿರಲಿ ಅಂತ ಟಿವಿ, ಕಂಪ್ಯೂಟರ್ ಪ್ಲಾಸ್ಟಿಕ್‌ಗೆ ಒಂದು ಕೆಮಿಕಲ್ ಬೆರೆಸ್ತಾರೆ ತಾತ. ಇದರಲ್ಲಿ ಅದು ಎಷ್ಟಿದೆ ಅಂತ ನೋಡ್ಬೇಕು."

"ಉರಿಯೋ ಕೆರೇಲಿ ಅದನ್ನ ಹುಡುಕ್ತೀಯಾ?" ಅಂತ ನಕ್ಕರು.

ಅದರ ಹೆಸರು ಪಿಬಿಡಿಇ, ಬ್ರೋಮಿನ್ ಇರುವ ಕೆಮಿಕಲ್. ಒಟ್ಟು 209 ಬಗೆ. ಕೊನೆಯದು ಹತ್ತು ಬ್ರೋಮಿನ್ ಇರುವ ಬಿಡಿಇ-209, ನಾವು ಡೆಕಾ ಅಂತೀವಿ. ಬ್ರೋಮಿನ್ ಅದಕ್ಕಿಂತ ಕಡಿಮೆ ಇರುವ ಪೆಂಟಾ, ಆಕ್ಟಾ ಅನ್ನೋ ಮಿಶ್ರಣಗಳನ್ನು ಭಾರತ ಅದೇ 2018ರ ಮಾರ್ಚ್‌ನಲ್ಲಿ ನಿಷೇಧಿಸಿತು. ಡೆಕಾ ಆ ಪಟ್ಟಿಯಲ್ಲಿ ಇರಲಿಲ್ಲ. ಅದು ನೀರಿನಲ್ಲಿ ಕರಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ, ಹೂಳಿಗೆ ಅಂಟಿ ಕೂತುಬಿಡುತ್ತದೆ. ಮಳೆ ಜೋರಾದರೆ ಹೂಳಿನ ಜೊತೆ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಡುವೆ ಅಣೆಕಟ್ಟುಗಳಲ್ಲಿ ತಂಗದೆ ಉಳಿದಿದ್ದಕ್ಕೆ ಕಡಲೂರಿನ ಅಳಿವೆ ತನಕ ದಾರಿ ಇದೆ.

ಹೂಳು ಒಣಗಿಸಿ, ಜರಡಿ ಹಿಡಿದು, ಥಿಂಬಲ್ ಅನ್ನೋ ಸಣ್ಣ ಸೋಸುಬಟ್ಟಲಿಗೆ ತುಂಬಿ, ದ್ರಾವಕ ಕುದಿಸಿ ಕೆಮಿಕಲ್ ಎಳೆಯುವ ಸಾಕ್ಸ್‌ಲೆಟ್ ಅನ್ನೋ ಗಾಜಿನ ಉಪಕರಣದಲ್ಲಿ ಹೆಕ್ಸೇನ್, ಡೈಕ್ಲೋರೋಮೀಥೇನ್ ಹಾಕಿ ರಾತ್ರಿಯಿಡೀ ಓಡಿಸಿದೆ. ಗಂಧಕ ಹಿಡಿಯಲು ಫ್ಲಾಸ್ಕಿಗೆ ತಾಮ್ರದ ಚೂರು ಹಾಕಬೇಕು. ಆಗಷ್ಟೇ ಆಸಿಡ್‌ನಲ್ಲಿ ತೊಳೆದು ಫಳಫಳ ಅನ್ನುತ್ತಿದ್ದ ತಾಮ್ರ ಕಣ್ಣೆದುರೇ ಕಾಡಿಗೆಯಾಯಿತು. ಮತ್ತೆ ಹಾಕಿದೆ, ಮತ್ತೆ ಕಪ್ಪು. ಮೂರನೇ ಸಲದ್ದು ಕೆಂಪಾಗೇ ಉಳಿಯಿತು. ಕೊಳಚೆ ಕೆರೆ ಅಲ್ವಾ!

ಪ್ರತಿ ಬ್ಯಾಚ್‌ನಲ್ಲೂ ಒಂದು ಬ್ಲ್ಯಾಂಕ್, ಅಂದರೆ ಖಾಲಿ ಪರೀಕ್ಷೆ, ಇರುತ್ತದೆ. ಆ ಥಿಂಬಲ್‌ಗೆ ಹೂಳು ಹಾಕುವುದಿಲ್ಲ, ಸುಟ್ಟ ಸೋಡಿಯಂ ಸಲ್ಫೇಟ್ ಅಷ್ಟೇ. ಅದರಲ್ಲಿ ಏನೂ ಬರಬಾರದು. ಬಂತು! ಅಳೆಯುವ ಮಷೀನಿನ ಪರದೆಯಲ್ಲಿ ಬ್ರೋಮಿನ್‌ನ ಗುರುತಾದ 79, 81ರ ಗೆರೆಗಳು ಎರಡೂ, ಡೆಕಾ ಬರುವ ಹೊತ್ತಿಗೆ ಸರಿಯಾಗಿ, ಹೂಳಿನದ್ದಕ್ಕೆ ಸರಿಸಮವಾಗಿ ಎದ್ದು ನಿಂತಿವೆ. ಒಂದು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಹೊಸ ಬಾಟಲಿ ಹೆಕ್ಸೇನ್ ಒಡೆದೆ. ಗಾಜಿನ ಸಾಮಾನೆಲ್ಲ 450 ಡಿಗ್ರಿಯಲ್ಲಿ ಸುಟ್ಟೆ. ಊಹೂಂ. ಒಂದು ಮಧ್ಯಾಹ್ನ ಸುಮ್ನೆ ಕೂತಿದ್ದಾಗ ಮೊಣಕೈಗೆ ಬೆಚ್ಚನೆ ಗಾಳಿ ತಾಗಿತು. ಟೇಬಲ್ ಮೇಲಿನ ಹಳೇ ಕಂಪ್ಯೂಟರ್‌ನ ಫ್ಯಾನು! ಅದರ ಗಾಳಿ ನೇರ ನನ್ನ ಥಿಂಬಲ್‌ಗಳ ಕಡೆಗೇ. ಜಾಲರಿಯಲ್ಲಿ ಬೂದು ಬಣ್ಣದ ಧೂಳು ಹತ್ತಿಯ ಹಾಗೆ ಕಟ್ಟಿತ್ತು. ಚಿಟಿಕೆಯಷ್ಟು ತೆಗೆದು ಹೆಕ್ಸೇನ್‌ನಲ್ಲಿ ನೆನೆಸಿ ಮಷೀನಿಗೆ ಕೊಟ್ಟೆ. ಡೆಕಾ ಪರದೆಯ ಮೇಲಂಚು ಮುಟ್ಟಿತು.

ಕಂಪ್ಯೂಟರ್ ಪಕ್ಕದ ರೂಮಿಗೆ ಹೋಯಿತು, ಸ್ಪಂಜು ಹೊರಬಂದಿದ್ದ ನನ್ನ ಕುರ್ಚಿಯೂ ಹೋಯಿತು. ಕಸ ಗುಡಿಸುವುದು ಬಂದ್, ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ಡೆಕಾ ಬಿಸಿಲಿಗೆ ಮುರಿಯುತ್ತದೆ, ಹಾಗಾಗಿ ಕಿಟಕಿಗೂ ಪರದೆ ಬಂತು. ಮುಂದಿನ ಬ್ಲ್ಯಾಂಕ್ ಸಪಾಟಾಗಿತ್ತು. ಅಷ್ಟು ಖುಷಿ ನನಗೆ ಯಾವ ರಿಸಲ್ಟ್ ನೋಡಿಯೂ ಆಗಿಲ್ಲ.

ಅಷ್ಟರಲ್ಲಿ ಹೂಳು ಮುಗಿದಿತ್ತು. ಮತ್ತೆ ಜಾಡಿ ಹಿಡಿದು ಕೆರೆಗೆ ಹೋದೆ. ತಾತ ಅಲ್ಲೇ ಇದ್ದರು. "ಸಿಕ್ತೇನಪ್ಪಾ?"

"ಸಿಕ್ತು ತಾತ, ನಮ್ಮ ಕಂಪ್ಯೂಟರಲ್ಲಿ."