ಪ್ಲಾಕಿಯಾಸ್‌ನಲ್ಲಿ ಗಾಳಿ ನೋಡಿ ನೀರಿಗಿಳಿಯುವುದು: ನನ್ನ ಅನುಭವ

ಗ್ರೀಸಿನ ಕ್ರೀಟ್ ದ್ವೀಪದ ದಕ್ಷಿಣ ದಡದ ಪ್ಲಾಕಿಯಾಸ್‌ಗೆ, ಅದೂ ಜುಲೈ-ಆಗಸ್ಟ್‌ನಲ್ಲಿ, ಈಜುಕೊಳ ಬಿಟ್ಟು ಬೇರೆ ನೀರು ಕಾಣದವರನ್ನು ಕರೆದೊಯ್ಯುತ್ತೇನೆ ಅಂದಾಗ ಬೇಡ ಅಂದವರೇ ಹೆಚ್ಚು. ಈಗ ಅವರೇ ಅಲ್ಲಿ ಈಜುವ, ಸಪ್ ಬೋರ್ಡು (ಮೇಲೆ ನಿಂತು ಹುಟ್ಟು ಹಾಕುವ, ಗಾಳಿ ತುಂಬುವ ಹಲಗೆ) ನಡೆಸುವ ಕ್ರಮ ಕೇಳುತ್ತಿದ್ದಾರೆ.

ಮಲ್ಪೆ, ಗೋಕರ್ಣದಲ್ಲಿ ಪಳಗಿದವರು ಭರತ-ಇಳಿತ ನೋಡುತ್ತಾರೆ. ಇಲ್ಲಿ ಅದು ಒಂದೆರಡು ಗೇಣು ಅಷ್ಟೇ, ಲೆಕ್ಕವೆಲ್ಲ ಗಾಳಿಯದು. ಮೆಲ್ಟೆಮಿ ಎಂಬ ಬೇಸಿಗೆಯ ಗಾಳಿ ಉತ್ತರದಿಂದ ಬಂದು, ಕೋಟ್ಸಿಫೌ ಕಮರಿಯಲ್ಲಿ ಇಕ್ಕಟ್ಟಾಗಿ ನುಗ್ಗಿ, ದಡದಿಂದ ಸಮುದ್ರದತ್ತ ಬೀಸುತ್ತದೆ. ಹಾಗಾಗಿ ದಡದ ನೀರು ಕೆರೆಯಂತೆ ಅಲೆಯಿಲ್ಲದೆ ಶಾಂತವಾಗಿರುತ್ತದೆ, ಮೋಸ ಇರುವುದೇ ಅಲ್ಲಿ. ಸ್ವಲ್ಪ ಆಚೆ ಬಿಳಿ ನೊರೆ ಕಂಡರೆ ನಮ್ಮವರು ಎದೆಮಟ್ಟ ದಾಟುವುದಿಲ್ಲ. ದಕ್ಷಿಣಕ್ಕೆ ತೇಲಿದರೆ ಮುಂದಿನ ದಡ ಆಫ್ರಿಕಾ, ಸುಮಾರು 300 ಕಿ.ಮೀ. ಬೆಳಗ್ಗೆ ಗಾಳಿ ಸಾಮಾನ್ಯವಾಗಿ ಕಡಿಮೆ, ಆದರೆ ಮೆಲ್ಟೆಮಿ ಬಲವಾಗಿ ಹಿಡಿದರೆ ರಾತ್ರಿಯೂ ಬಿಡದು. ಮುನ್ಸೂಚನೆಯಲ್ಲಿ ಗಾಳಿಯ ಬಲ (ಬೋಫೋರ್ಟ್ ಮಾಪನದಲ್ಲಿ) 4 ದಾಟಿದರೆ ಬೋರ್ಡು ಬಿಚ್ಚುವುದೇ ಇಲ್ಲ. ಅಂಥ ದಿನ ಪೂರ್ವಕ್ಕಿರುವ ದಾಮ್ನೋನಿ ಕಡಲತೀರಕ್ಕೆ ಹೋಗಿ ನೋಡುತ್ತೇವೆ, ಎಷ್ಟೋ ಸಲ ಅಲ್ಲಿ ಗಾಳಿ ಕಡಿಮೆ.

ದುಡ್ಡು ತಿನ್ನುವುದು ಗಾಳಿ ತುಂಬುವ ಅಗ್ಗದ ಸಾಮಾನು. ತೇಲುವ ಹಾಸಿಗೆ, ಟ್ಯೂಬು ನಮ್ಮಲ್ಲಿ ಪೂರ್ತಿ ನಿಷೇಧ. ಸಪ್ ಬೋರ್ಡಿಗೆ 15 ಪಿಎಸ್‌ಐ ಒತ್ತಡದ ಗಾಳಿ ಬೇಕು. ಕೈಪಂಪು 9-10ಕ್ಕೇ ಬಿಗಿಯಾಗುವುದರಿಂದ ಜನ ಅಲ್ಲೇ ನಿಲ್ಲಿಸುತ್ತಾರೆ. ಬೋರ್ಡು ನಡುವೆ ಬಾಗಿ, ಎಷ್ಟು ಹುಟ್ಟು ಹಾಕಿದರೂ ಮುಂದೆ ಸಾಗದು. ಪೂರ್ತಿ ತುಂಬಿದ್ದನ್ನು ಬಿಸಿ ಮರಳಲ್ಲಿ ಬಿಟ್ಟರೆ ಅಂಚಿನ ಅಂಟು ಬಿಡುತ್ತದೆ. ಊಟಕ್ಕೆ ಹೋಗುವ ಮುಂಚೆ ಸ್ವಲ್ಪ ಗಾಳಿ ಬಿಟ್ಟು ನೆರಳಿಗೆ ಎಳೆಯಿರಿ. ಕಾಲನ್ನು ಬೋರ್ಡಿಗೆ ಕಟ್ಟುವ ಹಗ್ಗ (ಲೀಶ್), 50 ನ್ಯೂಟನ್ ತೇಲುಬಲದ ಜಾಕೆಟ್, ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ತೇಲುಬುರುಡೆ ಸೇರಿ ನೆನಪಿದ್ದಂತೆ 90 ಯೂರೋ ಒಳಗೇ ಮುಗಿದಿತ್ತು. ಆ 50 ನ್ಯೂಟನ್ ಜಾಕೆಟ್ ಈಜು ಬಲ್ಲವರಿಗೆ ಮಾತ್ರ.

ದಡಕ್ಕೆ ಸಮಾನಾಂತರವಾಗಿ, 50 ಮೀಟರ್ ಒಳಗೆ, ಗಾಳಿಗೆ ಎದುರಾಗುವ ದಿಕ್ಕಿನಲ್ಲೇ ಮೊದಲು ಹೋಗಬೇಕು. ಗಾಳಿ ಎದ್ದರೆ ಮಂಡಿಯೂರಿ. ಸಾಲದಿದ್ದರೆ ಹುಟ್ಟನ್ನು ಎದೆಯಡಿ ಇಟ್ಟು ಬೋರಲು ಮಲಗಿ ಕೈಯಲ್ಲೇ ಈಜುತ್ತಾ ಬನ್ನಿ. ಬೋರ್ಡು ಬಿಟ್ಟು ಈಜಲು ಹೊರಡಬೇಡಿ.

ನಡುವೆ ಬೋರ್ಡನ್ನು ಒಂದೆಡೆ ನಿಲ್ಲಿಸಲು ಲಂಗರಿನ ಪ್ರಯೋಗವೂ ಆಯಿತು. ಒಂದೂವರೆ ಕೆಜಿಯ ಮಡಚುವ ಲಂಗರು, 20 ಮೀಟರ್ ಹಗ್ಗ. ಹಿಂಬದಿಗೆ ಕಟ್ಟಿದಾಗ ಅಲೆ ಬೋರ್ಡಿನ ಮೇಲೇ ಹತ್ತಿತು. ಮೂತಿಗೆ ಕಟ್ಟಿದಾಗ ನಿಂತಿತು. ಆಳದ ಮೂರು ಪಟ್ಟಾದರೂ ಹಗ್ಗ ಬಿಡಬೇಕು. ಮರಳಲ್ಲಿ ಹಿಡಿಯುತ್ತದೆ, ಬಂಡೆಯಲ್ಲಿ ಸಿಕ್ಕಿಕೊಂಡರೆ ಲಂಗರು ಹೋದಂತೆ. ಸಿಕ್ಕಿದ್ದನ್ನು ಬಿಡಿಸಲು ನಾನು ಹಾಕುವ ಗಂಟನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮರಳಿನಡಿ ಅಡಗುವ ವೀವರ್ ಮೀನಿನ ಮುಳ್ಳು ಚುಚ್ಚಿದರೆ ಮುಳ್ಳು ತೆಗೆದು, 40 ಡಿಗ್ರಿ ದಾಟಿದ, ಚರ್ಮ ಸುಡದಷ್ಟು ಬಿಸಿಯ ನೀರಲ್ಲಿ ಕನಿಷ್ಠ ಅರ್ಧ ಗಂಟೆ ಕಾಲಿಡಬೇಕು. ಅದಕ್ಕೆಂದೇ ಒಂದು ಫ್ಲಾಸ್ಕು. ನೀರು ಹೋಗದ ಚೀಲದಲ್ಲಿ ಫೋನು ಮೈಮೇಲೇ ಇರಲಿ: ತುರ್ತಿಗೆ 112, ಗ್ರೀಕ್ ಕರಾವಳಿ ಕಾವಲಿಗೆ 108.