ಪ್ಲಗ್ ಹೊಸದು, ವಯರು ಹಳೆಯದು

ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ಸಿಗುವ ಏರುಗಳಲ್ಲಿ ನನ್ನ ಹಳೆಯ ಮಾರುತಿ 800, ಕಾರ್ಬ್ಯುರೇಟರ್ ಇರುವ ಮಾದರಿ, ಕಳೆದ ಮಳೆಗಾಲದ ಆರಂಭದಲ್ಲಿ ಮುಗ್ಗರಿಸತೊಡಗಿತು. ಸಮತಟ್ಟಾದ ರಸ್ತೆಯಲ್ಲಿ ಹೇಳುವಂತಹ ತೊಂದರೆ ಇರಲಿಲ್ಲ. ಏರು ಬಂದು ಆಕ್ಸಿಲರೇಟರ್ ಒತ್ತಿದೊಡನೆ ಮೂರು ಸಿಲಿಂಡರುಗಳಲ್ಲಿ ಒಂದು ಸುಮ್ಮನಾದಂತೆ ಕಾರು ನಡುಗುತ್ತಿತ್ತು.

ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಸಂಶಯಪಟ್ಟು ಮೊದಲು ಅವನ್ನೇ ಬದಲಾಯಿಸಿದೆ. ಬಿಸಿಯಿರುವ ಅಲ್ಯೂಮಿನಿಯಂ ಹೆಡ್ಡಿನಿಂದ ಪ್ಲಗ್ ತೆಗೆದರೆ ತ್ರೆಡ್ ಕೆಡುವ ಭಯವಿರುವುದರಿಂದ ಇಂಜಿನ್ ತಣಿಯುವವರೆಗೆ ಕಾದೆ. ಬುಡದಲ್ಲಿ ಕೂತಿದ್ದ ಕೆಂಪು ಧೂಳು ಸಿಲಿಂಡರಿನೊಳಗೆ ಬೀಳದಂತೆ ಸೈಕಲ್ ಪಂಪಿನಿಂದ ಗಾಳಿ ಹೊಡೆದು, ಆಮೇಲೆ ಸ್ಪ್ಯಾನರ್ ಇಟ್ಟೆ. ಎರಡು ಪ್ಲಗ್ಗುಗಳ ತುದಿ ತಿಳಿಕಂದು ಬಣ್ಣದ್ದಾಗಿತ್ತು, ನಡುವಿನದು ಮಾತ್ರ ಮಸಿ ಹಿಡಿದು ಪೆಟ್ರೋಲಿನಿಂದ ಒದ್ದೆಯಾಗಿತ್ತು. ಮೂರರಲ್ಲೂ ಕಿಡಿ ಹಾರುವ ತುದಿಗಳ ನಡುವಿನ ಅಂತರ ಸವೆದು 1 ಮಿ.ಮೀ. ದಾಟಿದ್ದರಿಂದ ಹೊಸ ಪ್ಲಗ್ಗುಗಳನ್ನು ಅಂತರ ಅಳೆಯುವ ಫೀಲರ್ ಗೇಜಿನಲ್ಲಿ 0.8ಕ್ಕೆ ಹೊಂದಿಸಿ, ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ವಾಷರ್ ತಾಗಿದ ಬಳಿಕ ಸ್ಪ್ಯಾನರಿನಲ್ಲಿ ಅರ್ಧ ಸುತ್ತಿಗಿಂತ ತುಸು ಹೆಚ್ಚು ಬಿಗಿದೆ. ಇದರಾಚೆಗೆ ಬಲ ತೋರಿಸುವುದು ಅನಾವಶ್ಯಕ.

ಮೂರು ವಾರ ಕಾರು ಚೆನ್ನಾಗಿ ಓಡಿತು. ಆಟಿ ತಿಂಗಳ ಮಳೆ ಹಿಡಿದಾಗ ಅದೇ ನಡುಕ ಮರಳಿ ಬಂತು. ಮಸಿ ಹಿಡಿದದ್ದು ಒಂದೇ ಪ್ಲಗ್ಗಿಗೆ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು. ದೋಷ ಆ ಪ್ಲಗ್ಗಿಗೆ ವಿದ್ಯುತ್ತು ತರುವ ವಯರಿನಲ್ಲಿರಬಹುದು ಎಂದು ಅದನ್ನು ಮಲ್ಟಿಮೀಟರಿನಲ್ಲಿ ಅಳೆದು ನೋಡಿದರೆ ಉಳಿದೆರಡರಂತೆಯೇ ಕೆಲವು ಕಿಲೋ ಓಮ್‌ಗಳಷ್ಟೇ ಇತ್ತು. ಆದರೆ ಮೀಟರಿನ ಒಳಗಿರುವುದು ಪುಟ್ಟ ಬ್ಯಾಟರಿ. ಪ್ಲಗ್ ವಯರಿನಲ್ಲಿ ಹರಿಯುವುದು ಸಾವಿರಾರು ವೋಲ್ಟುಗಳ ವಿದ್ಯುತ್ತು. ಒಳಗಿನ ತಂತು ತುಂಡಾಗಿದ್ದರೆ ಮೀಟರ್ ಹೇಳುತ್ತದೆ, ಹೊರಗಿನ ಹೊದಿಕೆ ಸೋರುತ್ತಿದೆಯೇ ಎಂಬುದನ್ನು ಹೇಳಲಾರದು.

ಅದಕ್ಕೆ ಕತ್ತಲೆಯೇ ಬೇಕಾಯಿತು. ರಾತ್ರಿ ಅಂಗಳದ ದೀಪ ಆರಿಸಿ, ಬಾನೆಟ್ ಎತ್ತಿ, ಇಂಜಿನ್ ಚಾಲೂ ಮಾಡಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ವಯರುಗಳ ಮೇಲೆ ತೆಳುವಾಗಿ ನೀರು ಸಿಂಪಡಿಸಿದೆ. (ಅಡಿಕೆಗೆ ಮದ್ದು ಬಿಡುವ ಪಂಪು ತರಲೇ ಎಂದು ಮಗ ಕೇಳಿದ್ದನ್ನು ಕೇಳಿಸದಂತೆ ಇದ್ದೆ.) ನಡುವಿನ ವಯರಿನಿಂದ ಪಕ್ಕದ ಲೋಹದ ಕೊಳವೆಗೆ ಟಿಕ್ ಟಿಕ್ ಎಂದು ನೀಲಿ ಕಿಡಿ ಹಾರುತ್ತಿತ್ತು. ಏರಿನಲ್ಲಿ ಸಿಲಿಂಡರಿನೊಳಗಿನ ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಅಂತರವನ್ನು ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ, ವಿದ್ಯುತ್ತು ಒದ್ದೆ ವಯರಿನ ಬಿರುಕಿನಿಂದಲೇ ಹೊರಗೆ ನುಸುಳುತ್ತಿತ್ತು. ಹೊಸ ಪ್ಲಗ್ಗಿನ ಕಿರಿದಾದ ಅಂತರ ಈ ದೋಷವನ್ನು ಮೂರು ವಾರ ಮುಚ್ಚಿಟ್ಟಿತ್ತು, ಅಷ್ಟೇ.

ಮರುದಿನ ಕಾಸರಗೋಡಿನಿಂದ ವಯರುಗಳ ಇಡೀ ಸೆಟ್ಟನ್ನು, ವೋಲ್ಟೇಜ್ ಏರಿಸುವ ಕಾಯಿಲಿನ ವಯರಿನ ಸಹಿತ, ತಂದೆ. ವಯರನ್ನು ಹಿಡಿದು ಎಳೆಯದೆ ರಬ್ಬರ್ ಟೊಪ್ಪಿಯನ್ನೇ ತುಸು ತಿರುಗಿಸಿ ಕೀಳಬೇಕು ಎಂಬುದು ಗೊತ್ತಿತ್ತು. ಒಂದನ್ನು ತೆಗೆದು ಅದರ ಜಾಗಕ್ಕೆ ಹೊಸತನ್ನು ಹಾಕಿದ ಮೇಲೆಯೇ ಮುಂದಿನದಕ್ಕೆ ಕೈಹಾಕಬೇಕು ಎಂಬುದೂ ಗೊತ್ತಿತ್ತು. ಆದರೂ ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಕಿತ್ತು, ಎರಡು ಮತ್ತು ಮೂರನೆಯದನ್ನು ಅದಲುಬದಲು ಮಾಡಿಬಿಟ್ಟೆ. ಕಾರು ಫಟ್ ಎಂದು ಸಿಡಿದು ಅಲುಗಾಡಿತು. ಈ ಇಂಜಿನಿನ ಕಿಡಿಯ ಸರದಿ 1-3-2. ಅದರ ಪ್ರಕಾರ, ಪ್ಲಗ್ಗುಗಳಿಗೆ ವಿದ್ಯುತ್ತನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಜೋಡಿಸಿದಾಗ ಶಾಂತವಾಯಿತು.

ಹಳೆಯ ವಯರನ್ನು ಬಗ್ಗಿಸಿ ನೋಡಿದಾಗ ಕೊಳವೆಗೆ ಉಜ್ಜಿದ ಕಡೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಾಣಿಸಿತು. ವಯರನ್ನು ದೂರ ಹಿಡಿದಿಡಬೇಕಾದ ಪ್ಲಾಸ್ಟಿಕ್ ಕ್ಲಿಪ್ ಎಂದೋ ಉದುರಿಹೋಗಿತ್ತು. ಸೆಟ್ಟಿನ ಜೊತೆ ಅದು ಬರಲಿಲ್ಲವಾದ್ದರಿಂದ ಗುಜರಿಯಿಂದ ಒಂದನ್ನು ಹುಡುಕಿ ತಂದು ಹಾಕಿದೆ.